ದೋಣಿಯ ಹಿಂದಿನ ಸೀಟು

ಹೋದ ವಾರ ಅಣ್ಣನ ಮೊಮ್ಮಗಳು ಮೇಘಾ ಒಂದು ಹೊಳೆಯುವ ಪುಸ್ತಿಕೆಯನ್ನು ತಂದು ನನ್ನ ತೊಡೆಯ ಮೇಲೆ ಇಟ್ಟಳು. ಹೊಸ ಮಸಿಯ ವಾಸನೆ ಇನ್ನೂ ಆರಿರಲಿಲ್ಲ. ಮುಖಪುಟದ ಮೇಲೊಂದು ಹಡಗು. ಕಲಬುರಗಿಯ ನಮ್ಮ ಬ್ರಹ್ಮಪುರದ ಓಣಿಯನ್ನು ಮನೆ, ಕಟ್ಟೆ, ಮಠ, ಹಸು ಸಮೇತ ಎತ್ತಿ ಅದರ ಮೇಲಿಟ್ಟರೂ ಇನ್ನೊಂದು ಓಣಿಗೆ ಜಾಗ ಉಳಿಯುವಂಥ ಹಡಗು. ಬರುವ ರಜೆಯಲ್ಲಿ ಮನೆಮಂದಿಯನ್ನೆಲ್ಲ ಇದರಲ್ಲಿ ಕರೆದೊಯ್ಯುವುದಾಗಿ ಅವಳ ಅಪ್ಪ ಘೋಷಿಸಿದ್ದಾನಂತೆ. ಮನೆಮಂದಿಯಲ್ಲಿ ನಾನೂ ಬರುತ್ತೇನಂತೆ. ನಿವೃತ್ತನಾದ ಮೇಲೆ ಮನುಷ್ಯ ಸಾಮಾನಿನ ಜಾತಿಗೆ ಸೇರುತ್ತಾನೆ, ಯಾರು ಎಲ್ಲಿಗೆ ಹೊರಟರೂ ಜೊತೆಗೆ ಎತ್ತಿಕೊಂಡು ಹೋಗಬಹುದು.

ಮೇಘಾಳಿಗೆ ಹತ್ತೊಂಬತ್ತು. ಸಮುದ್ರದಲ್ಲಾಗಲಿ ಹಡಗಿನ ಊಟದಲ್ಲಾಗಲಿ ಅವಳಿಗೆ ಆಸಕ್ತಿಯಿರಲಿಲ್ಲ. ಒಂದು ಪುಟದ ಮೇಲೆ ಮಾತ್ರ ಬೆರಳಿಟ್ಟು ಒತ್ತಿ ತೋರಿಸಿದಳು. ಹದಿನೆಂಟು ದಾಟಿದ ಹುಡುಗ ಹುಡುಗಿಯರಿಗೆ ಬೇರೆಯೇ ಒಂದು ಕೋಣೆ. ಅಲ್ಲಿ ಪರಿಚಯ ಕೂಟ, ಹಾಡಿನ ಪಂದ್ಯ, ಬಚ್ಚಿಟ್ಟ ವಸ್ತು ಹುಡುಕುವ ಆಟ, ಆಮೇಲೆ ಕುಣಿತ. ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಸಾಲು: ತಂದೆತಾಯಿಗಳಿಗೆ ಪ್ರವೇಶವಿಲ್ಲ.

"ನೋಡ್ರಿ ಸಣ್ಣಜ್ಜಾ, ಅವ್ರೇ ಬರದಾರ. ಅಮ್ಮಗ ತೋರ್ಸಿದ್ರ, 'ನನಗ ಪ್ರವೇಶ ಇಲ್ಲಂದ್ರ ನಿನಗೂ ಇಲ್ಲ' ಅಂತಾಳ. ಆಕಿ ಆದಿತ್ಯವಾರ ಬರ್ತಾಳ. ನೀವರೆ ಒಂದ್ ಮಾತು ಹೇಳ್ರಿ."

"ಪರಿಚಯ ಕೂಟದಾಗ ಏನ್ ಮಾಡ್ತಾರವ್ವಾ?"

"ಏನ್ ಮಾಡ್ತಾರ? ಮಾತಾಡ್ತಾರ."

"ಬರೇ ಮಾತಾಡ್ಲಿಕ್ಕೆ ಇಷ್ಟ್ ದೊಡ್ಡ ಹಡಗ ಬೇಕೇನು?"

ನನ್ನ ವಿನೋದಕ್ಕೆ ನಾನೇ ನಗುತ್ತ ಪುಟ ತಿರುವಿದೆ. ಅಲ್ಲಿ ಕಿತ್ತಳೆ ಬಣ್ಣದ ಒಂದು ತೇಲುವ ಜಾಕೀಟಿನ ಚಿತ್ರವಿತ್ತು. ನಗು ಅಲ್ಲಿಗೇ ನಿಂತಿತು. ಯಾಕೆಂದರೆ ಸ್ವಾಮಿ, ನಾನೂ ಒಂದು ಕಾಲಕ್ಕೆ ಜಲಯಾನ ಮಾಡಿದವನೇ. ಅದೂ ಸಕುಟುಂಬ. ಅದೂ ಹರೆಯದವರ ಪರಿಚಯ ಕೂಟದ ಮುಖ್ಯಸ್ಥನಾಗಿ.

ಕಲಬುರಗಿಯವರಿಗೂ ನೀರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮಗೆ ನೀರೆಂದರೆ ನಳದಲ್ಲಿ ಬಂದರೆ ಹಿಡಿಯುವ ವಸ್ತು. ಸಮುದ್ರವನ್ನು ಶಾಲೆಯ ನಕಾಶೆಯಲ್ಲಿ ನೀಲಿ ಬಣ್ಣ ಬಳಿಯುವಾಗ ನೋಡಿದ್ದೆವು. ಹಾಗಿರುವಾಗ ತೊಂಬತ್ತರ ದಶಕದ ನಡುವೆ ಯಾರೋ ಪುಣ್ಯಾತ್ಮರು ಊರ ಕೆರೆಗೆ ನಾಲ್ಕಾರು ಪೆಡಲ್ ದೋಣಿಗಳನ್ನು ತಂದು ಬಿಟ್ಟರು. ಸೈಕಲ್ಲಿನಂತೆ ತುಳಿದರೆ ಮುಂದೆ ಹೋಗುತ್ತಿದ್ದವು. ಮುಂದೆ ತುಳಿಯುವವರಿಗೆ ಎರಡು ಸೀಟು, ಹಿಂದೆ ಸುಮ್ಮನೆ ಕೂರುವವರಿಗೆ ಎರಡು ಸೀಟು. ಹಿಂದಿನವರು ಮುಂದಿನವರಿಗೆ ಬೆನ್ನು ಮಾಡಿ, ಬಿಟ್ಟುಬಂದ ದಂಡೆಯ ಕಡೆಗೆ ಮುಖ ಮಾಡಿ ಕೂರಬೇಕು. ಈ ಏರ್ಪಾಟನ್ನು ಕಂಡುಹಿಡಿದವನು ಯಾರೋ ತಿಳಿಯದು. ಎಂಜಿನಿಯರಿಂಗಿನ ಜೊತೆಗೆ ಅವನಿಗೆ ಸಂಸಾರವೂ ಗೊತ್ತಿದ್ದಿರಬೇಕು.

ಕುಟುಂಬಗಳು ಆಗ ಕೆರೆಗೆ ಹೋಗುವುದೊಂದು ಪದ್ಧತಿಯಾಯಿತು. ಸಣ್ಣವರಿಗೆ ಜಾರುಬಂಡಿ ಇತ್ತು. ದೊಡ್ಡವರಿಗೆ ಜಮಖಾನ, ದಶಮಿ ರೊಟ್ಟಿ, ಶೇಂಗಾ ಚಟ್ನಿ ಮತ್ತು ಅಲ್ಲಿಲ್ಲದ ಬಂಧುಗಳ ವಿಷಯ ಇತ್ತು. ಈ ಎರಡರ ನಡುವಿನ ವಯಸ್ಸಿನವರಿಗೆ ಮಾತ್ರ ಏನೂ ಇರಲಿಲ್ಲ. ಜಾರುಬಂಡಿ ಹತ್ತಿದರೆ ಜನ ನಗುವರು, ಜಮಖಾನದ ಮೇಲೆ ಕೂತು ಮಾತಾಡಿದರೆ ದೊಡ್ಡವರು ಸುಮ್ಮನಾಗುವರು. ಜಮಖಾನ ಹಾಸುವುದು, ನೀರು ತರುವುದು, ಬಡಿಸುವುದು, ಎಂಜಲು ತಟ್ಟೆ ಎತ್ತುವುದು, ಇವೇ ನಮ್ಮ ಕಾಲದ ಯುವಜನರ ಸಾಮಾಜಿಕ ಚಟುವಟಿಕೆಗಳು. ಬಚ್ಚಿಟ್ಟ ವಸ್ತು ಹುಡುಕುವ ಆಟವೂ ಇತ್ತು ಅನ್ನಿ. ದೊಡ್ಡವರ ಕನ್ನಡಕ ಪ್ರತಿ ಸಲ ಕಳೆಯುತ್ತಿತ್ತು.

ಮೇಘಾಳ ಅಮ್ಮ ವತ್ಸಲಾ ಆಗ ಈ ನಡುವಿನ ವಯಸ್ಸಿನಲ್ಲಿದ್ದಳು. ಅಣ್ಣನ ಒಬ್ಬಳೇ ಮಗಳು. ಬಿ.ಕಾಂ. ಮುಗಿಸಿ ಊರೊಳಗಿನ ಒಂದು ಟೈಪಿಂಗ್ ಕ್ಲಾಸಿನಲ್ಲಿ ಸಂಜೆ ಕಲಿಸುತ್ತಿದ್ದಳು. ಅವಳ ಬೆರಳುಗಳಿಗೆ ಬಿಡುವೇ ಇರಲಿಲ್ಲ. ಊಟಕ್ಕೆ ಕೂತರೆ ತಟ್ಟೆಯ ಅಂಚಿನ ಮೇಲೆ, ಪೂಜೆಗೆ ಕೂತರೆ ಮಣೆಯ ಮೇಲೆ ಟಕಟಕ. ಸಿಟ್ಟು ಬಂದರೆ ವೇಗ ಹೆಚ್ಚುತ್ತಿತ್ತು.

ಅವಳಿಗೆ ಕಮಲಾಪುರದ ಒಂದು ಸಂಬಂಧ ಬಂತು. ಹುಡುಗ ಶ್ರೀಧರ, ಕೆಂಪು ಬಾಳೆಯ ತೋಟ ನೋಡಿಕೊಂಡಿದ್ದ. ಎತ್ತರದ ಆಳು, ಸಂಕೋಚವಾದರೆ ಕಿವಿ ತೋಟದ ಹಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು. ತಾಯಿಯಿಲ್ಲದ ಅವನನ್ನು ಸಾಕಿದ್ದು ಅವನ ತಂದೆಯ ಅಕ್ಕ. ಅವನು ಅತ್ಯಾ ಎನ್ನುತ್ತಿದ್ದುದರಿಂದ ನಮ್ಮೆಲ್ಲರಿಗೂ ಅವರು ಅತ್ಯಾ. ಹೆಣ್ಣು ನೋಡಲು ಬಂದ ದಿನ ನನಗೆ ತಿಳಿದದ್ದಿಷ್ಟು: ಹುಡುಗನಿಗೆ ಬಾಯಿ ಇದೆ, ಆದರೆ ಅದನ್ನು ಬಳಸುವವರು ಅತ್ಯಾ.

"ಏನ್ ಓದೀರಿ?" ಎಂದು ಅಣ್ಣ ಹುಡುಗನನ್ನು ಕೇಳಿದ.

"ಬಿಎಸ್ಸಿ ಆಗ್ಯಾನ್ರೀ," ಎಂದರು ಅತ್ಯಾ.

"ಚಹಾ ತೊಗೋತೀರಲ್ಲಾ?" ಎಂದು ವತ್ಸಲಾಳ ತಾಯಿ, ನನ್ನ ವೈನಿ, ಹುಡುಗನನ್ನು ಕೇಳಿದರು.

"ತೊಗೋತಾನ್ರೀ. ಸಕ್ರಿ ಥೋಡೆ ಕಮ್ಮಿ ಇರ್ಲಿ," ಎಂದರು ಅತ್ಯಾ.

ವತ್ಸಲಾ ತಲೆಯೆತ್ತಿ, ತಾನು ಟೈಪಿಂಗ್ ಕ್ಲಾಸಿಗೆ ಹೋಗುತ್ತೇನೆಂದು ಹುಡುಗನಿಗೆ ಹೇಳಲು ಶುರು ಮಾಡಿದಳು. ಅತ್ಯಾ ಪ್ರೀತಿಯಿಂದಲೇ ಕೈ ಅಡ್ಡ ಹಿಡಿದರು. "ನಮ್ಮನ್ಯಾಗ ಸೊಸಿ ಹೊರಗ ಹೋಗಿ ದುಡೀಬೇಕಂತ ಏನಿಲ್ರೀ. ಆರಾಮ ಮನ್ಯಾಗಿರ್ಲಿ."

ಇಂಥ ಉದಾರತೆಗೆ ಅಣ್ಣನ ಕಣ್ಣು ತುಂಬಿ ಬಂತು. ಅವಲಕ್ಕಿಯ ತಾಟಿನ ಅಂಚಿನ ಮೇಲೆ ವತ್ಸಲಾಳ ಬೆರಳು ಹಿಂದೆಂದೂ ಇಲ್ಲದ ವೇಗದಲ್ಲಿ ಓಡುತ್ತಿದ್ದುದನ್ನು ನೋಡಿದವನು ನಾನೊಬ್ಬನೇ.

ಅವರು ಹೋದ ಮೇಲೆ ಹಿತ್ತಲಲ್ಲಿ ನನ್ನನ್ನು ಹಿಡಿದಳು.

"ಕಾಕಾ, ಹುಡುಗ ಛಲೋ ಇದ್ದಾನ. ಖರೆ ನಾ ಕ್ಲಾಸ್ ಬಿಡಂಗಿಲ್ಲ. ದಿನಾ ಬಸ್ಸಿಗೆ ಹೋಗಿ ಬರ್ತೀನಿ, ನಡೀತದೇನು ಅಂತ ಅವನ್ನ ಒಂದ್ ಮಾತು ಕೇಳಬೇಕು. ಅವನ್ನ. ಅವರ ಅತ್ಯಾನ್ನಲ್ಲ."

"ನಡ್ಯಂಗಿಲ್ಲ ಅಂದ್ರ?"

"ಅಂದ್ರ ನಾನೂ ಒಲ್ಲೆ. ಅಪ್ಪ ಏನ್ ಬೇಕಾದ್ದು ಅನ್ಲಿ."

ಮುಂದಿನ ಆದಿತ್ಯವಾರ ಎರಡೂ ಮನೆಯವರು ಕೆರೆಯ ಹತ್ತಿರ ಕೂಡಿ ಉಂಡು, ಅಲ್ಲೇ ಮಾತು ಮುಗಿಸುವುದೆಂದು ನಿಶ್ಚಯವಾಗಿತ್ತು. ಅಷ್ಟರೊಳಗೆ ಈ ಇಬ್ಬರಿಗೆ ಒಂದು ಮಾತಿನಷ್ಟು ಜಾಗ ಬೇಕು. ಮನೆಯಲ್ಲಿ ಅಂಥ ಜಾಗ ಇರಲಿಲ್ಲ. ನಾನು ಗಂಭೀರವಾಗಿ ಆಲೋಚಿಸಿ ಜಲಮಾರ್ಗವನ್ನು ಶಿಫಾರಸು ಮಾಡಿದೆ.

"ಇಬ್ಬರನ್ನೇ ದೋಣಿಯೊಳಗ ಕಳಸೋದಾ?" ಎಂದ ಅಣ್ಣ, ಅವರನ್ನು ಚಂದ್ರನ ಮೇಲೆ ಬಿಟ್ಟು ಬಾ ಎಂದವನಂತೆ ನನ್ನನ್ನು ನೋಡುತ್ತ.

"ಹಿಂದ ನಾ ಕೂಡ್ತೀನಲ್ಲಾ."

ನನ್ನ ಅರ್ಹತೆಗಳನ್ನು ಅವನು ಮನಸ್ಸಿನಲ್ಲೇ ತೂಗಿದ. ಮೂವತ್ತೆಂಟು ದಾಟಿದ ಬ್ರಹ್ಮಚಾರಿ, ಸರ್ಕಾರಿ ಕಚೇರಿಯ ಗುಮಾಸ್ತ, ಹಲ್ಲಿ ಕಂಡರೆ ಕೋಣೆ ಬಿಟ್ಟು ಹೊರಬರುವವನು. ಇಂಥವನ ಎದುರು ಅನಾಹುತವೇನೂ ನಡೆಯದೆಂದು ಅವನಿಗೆ ಖಾತ್ರಿಯಾಯಿತು. ಒಪ್ಪಿದ.

ಆದಿತ್ಯವಾರ ಎಲ್ಲವೂ ನನ್ನ ಯೋಜನೆಯಂತೆ ನಡೆಯಿತು, ದೋಣಿ ಬಿಡುವ ಗಳಿಗೆಯವರೆಗೆ. ವತ್ಸಲಾ ಮತ್ತು ಶ್ರೀಧರ ಮುಂದೆ ಕೂತರು. ನಾನು ಹಿಂದೆ ಕೂತು ಪಂಚೆ ಸರಿಮಾಡಿಕೊಂಡೆ. ಆಗ ಜಮಖಾನದಿಂದ ಒಂದು ಧ್ವನಿ ಎದ್ದಿತು.

"ತಡೀರಿ. ನಾನೂ ಬರ್ತೀನಿ."

ಅತ್ಯಾ ಸೀರೆ ಎತ್ತಿ ಕಟ್ಟಿ ನಡೆದು ಬಂದರು. ಬೇಡವೆನ್ನುವ ಧೈರ್ಯ ಕೆರೆಯ ಯಾವ ದಂಡೆಯಲ್ಲೂ ಇರಲಿಲ್ಲ. ಅಲ್ಲಿದ್ದ ಒಂದೇ ಒಂದು ಕಿತ್ತಳೆ ಜಾಕೀಟನ್ನು ದೋಣಿಯವನು ಅವರಿಗೇ ತೊಡಿಸಿದ. ಅದರಿಂದ ಹಸಿ ರಬ್ಬರಿನ ವಾಸನೆ ಬರುತ್ತಿತ್ತು. ಬೂದಿ ಬಣ್ಣದ ಸೀರೆಯ ಮೇಲೆ ಆ ಜಾಕೀಟು ಧರಿಸಿ ಅತ್ಯಾ ನನ್ನ ಪಕ್ಕದಲ್ಲಿ ಕೂತು, ನನ್ನ ಮಣಿಕಟ್ಟನ್ನು ಭದ್ರವಾಗಿ ಹಿಡಿದುಕೊಂಡರು.

"ಹಿಲ್ನಾ ನಕ್ಕೋ ಸಾಬ್," ಎಂದ ದೋಣಿಯವನು, ಅಲುಗಬೇಡಿ ಎಂಬಂತೆ ಕೈ ಮಾಡಿ. "ಹಿಂದ್ ಕುಂತವ್ರು ತಿರುಗಿ ಮುಂದ್ ನೋಡಬ್ಯಾಡ್ರಿ, ದೋಣಿ ವಾಲ್ತದ."

ತಿರುಗುವುದಕ್ಕೆ ನಿಷೇಧವಾಯಿತು, ಸರಿ. ಆದರೆ ಕಿವಿಗೆ ಯಾವ ನಿಷೇಧ? ನಮ್ಮ ಬೆನ್ನ ಹಿಂದೆ ಪೆಡಲು ಕರಕರ ಎನ್ನುತ್ತಿತ್ತು, ಅದರ ಆಚೆ ಇಬ್ಬರ ಮೌನ. ಅತ್ಯಾರ ಕಿವಿ ತುಂಬ ಚುರುಕು. ಈಗ ನನ್ನ ಕರ್ತವ್ಯ ಒಂದೇ: ಅವರನ್ನು ಮಾತಿಗೆಳೆದು ಆ ಕಿವಿಗಳನ್ನು ತುಂಬಿಡುವುದು.

"ಕೆಂಪ ಬಾಳಿಹಣ್ಣು ಹಣ್ಣಾಗಿದ್ದು ಹೆಂಗ ಗೊತ್ತಾಗ್ತದ್ರೀ?" ಎಂದೆ.

"ನೋಡಿದ್ರ ಗೊತ್ತಾಗ್ತದ," ಎಂದರು. ಮುಗಿಯಿತು.

"ಕಾಶಿಗೆ ಹೋಗಿ ಬಂದೀರಂತ?"

"ಹೌದು." ಅದೂ ಮುಗಿಯಿತು.

ಬೇರೆಯವರ ಪರವಾಗಿ ಅಷ್ಟೊಂದು ಉತ್ತರ ಕೊಡುವ ಹೆಂಗಸಿನ ಹತ್ತಿರ ತನ್ನ ಪರವಾಗಿ ಕೊಡಲು ಉತ್ತರವೇ ಇರಲಿಲ್ಲ. ದೋಣಿ ಕೆರೆಯ ನಡುವಿಗೆ ಬಂದಿತ್ತು. ಬೇರೇನೂ ಹೊಳೆಯದೆ ಕೇಳಿಬಿಟ್ಟೆ.

"ನೀವು ಈ ಹುಡುಗರಷ್ಟು ಇದ್ದಾಗ ಆಟಾ ಗೀಟಾ ಏನ್ ಆಡ್ತಿದ್ರೀ?"

ಅತ್ಯಾ ನೀರಿನತ್ತ ನೋಡಿ ಹೇಳಿದರು. "ಇವರಷ್ಟ್ ಇದ್ದಾಗ ನಾ ಗಂಡನ್ನ ಕಳಕೊಂಡು ತವರಮನಿಗೆ ತಿರುಗಿ ಬಂದಿದ್ದೆ. ಆಟ ಎಲ್ಲೀದು?" ಆಮೇಲೆ ತಾವೇ ಮುಂದುವರಿಸಿದರು. "ಅದಕ್ಕಿಂತ ಮೊದಲ ಹಾರ್ಮೋನಿಯಂ ಕಲೀತಿದ್ದೆ. ಛಲೋ ಬಾರಸ್ತಿದ್ದೆ, ಖರೇನ. ಲಗ್ನದಾಗ ನಮ್ಮಪ್ಪ ಪೆಟ್ಟಿಗಿನೂ ಕಳಸ್ತೀನಿ ಅಂದ್ರು. ಗಂಡನ ಮನಿಯವ್ರು, 'ನಮ್ಮನ್ಯಾಗ ಸೊಸಿ ಪೆಟ್ಟಿಗಿ ಬಾರಸ್ಬೇಕಂತ ಏನಿಲ್ರೀ, ಆರಾಮ ಇರ್ಲಿ' ಅಂದ್ರು..."

ಮಾತು ಅಲ್ಲಿಗೇ ನಿಂತಿತು. ನನ್ನ ಮಣಿಕಟ್ಟಿನ ಮೇಲಿನ ಹಿಡಿತ ಸಡಿಲಾಯಿತು. ಆ ಮಾತಿನಲ್ಲಿ ಅವರು ಕೇಳಿಸಿಕೊಂಡದ್ದು ಯಾರ ಧ್ವನಿಯನ್ನು ಎಂದು ನನಗೆ ತಿಳಿಯಿತು. ಅವರಿಗೂ ತಿಳಿಯಿತು.

ಸರಿಯಾಗಿ ಆ ನಿಶ್ಶಬ್ದಕ್ಕೇ ಕಾಯುತ್ತಿದ್ದಂತೆ ವತ್ಸಲಾಳ ಪ್ರಶ್ನೆ ಸ್ಪಷ್ಟವಾಗಿ ಕೇಳಿಸಿತು. "ನಾ ಕ್ಲಾಸ್ ಬಿಡಂಗಿಲ್ರೀ. ಕಮಲಾಪುರದಿಂದ ದಿನಾ ಬಸ್ಸಿಗೆ ಹೋಗಿ ಬಂದ್ರ ನಿಮಗ ನಡೀತದೇನು?"

ಪೆಡಲಿನ ಕರಕರ ನಿಂತಿತು. ದೋಣಿ ತನ್ನಷ್ಟಕ್ಕೆ ತುಸು ತೇಲಿತು.

"ಅದು... ಅತ್ಯಾನ್ನ ಕೇಳಿ ಹೇಳ್ತೀನ್ರಿ," ಎಂದ ಶ್ರೀಧರ.

ನಾನು ಕಣ್ಣು ಮುಚ್ಚಿದೆ. ಸಂಬಂಧ ಮುಳುಗಿತೆಂದೇ ಲೆಕ್ಕ. ಆಗ ನನ್ನ ಪಕ್ಕದಿಂದ, ತಲೆ ಒಂದಿಷ್ಟೂ ತಿರುಗಿಸದೆ, ದಂಡೆಯನ್ನೇ ನೋಡುತ್ತ ಅತ್ಯಾ ಹೇಳಿದರು:

"ನನ್ನೇನ್ ಕೇಳ್ತೀಯೋ? ಪೆಡಲ್ ಮ್ಯಾಲ ಕಾಲಿರೋದು ನಿಂದು."

ದಂಡೆಯಲ್ಲಿ ಅಣ್ಣ ಟವೆಲ್ಲು ಬೀಸಿ ವಾಪಸು ಬನ್ನಿ ಎನ್ನುತ್ತಿದ್ದ. ದೋಣಿಯವನು ಸೀಟಿ ಊದಿದ. ಅತ್ಯಾ ಕೈ ಎತ್ತಿ, ಆ ಕಿತ್ತಳೆ ಜಾಕೀಟು ಅಲುಗುವಂತೆ ಜೋರಾಗಿ ಬೀಸಿ ಕೂಗಿದರು. "ಇನ್ನೊಂದ್ ಸುತ್ತು!" ಅಷ್ಟು ದೂರಕ್ಕೆ ಮಾತು ತಲುಪಲಿಲ್ಲ, ಬೀಸಿದ ಕೈ ಮಾತ್ರ ಕಾಣಿಸಿತು. ದೋಣಿ ಮುಳುಗುತ್ತಿದೆಯೆಂದು ತಿಳಿದ ಅಣ್ಣ ಚಪ್ಪಲಿ ಸಮೇತ ನೀರಿಗೆ ಇಳಿದ. ಪಾದ ಮುಳುಗುವಷ್ಟು ಬಂದ ಮೇಲೆ ತನಗೆ ಈಜು ಬಾರದೆಂಬುದು ನೆನಪಾಗಿ ಅಲ್ಲೇ ನಿಂತ.

ಎರಡನೆಯ ಸುತ್ತಿನಲ್ಲಿ ಅರ್ಧ ಕೆರೆ ದಾಟಿದ ಮೇಲೆ ಶ್ರೀಧರನ ಧ್ವನಿ ಕೇಳಿಸಿತು.

"ಕ್ಲಾಸ್ ಎಷ್ಟೊತ್ತಿಗೆ ಬಿಡ್ತದ್ರೀ?"

"ಏಳಕ್ಕ."

"ನೀವ್ ಬರೋದ್ರಾಗ ಕತ್ತಲಾಗಿರ್ತದ. ನಾ ಬಸ್ ಸ್ಟ್ಯಾಂಡಿಗೆ ಬಂದು ನಿಂದರ್ತೀನಿ."

"ದಿನಾ?"

"ದಿನಾ."

"ಮಳಿ ಬಂದ್ರ?"

"ಛತ್ರಿ ತರ್ತೀನಿ."

ಅತ್ಯಾ ನನ್ನ ಮಣಿಕಟ್ಟನ್ನು ಮತ್ತೆ ಹಿಡಿದು ಪಿಸುಗುಟ್ಟಿದರು. "ನೀವೇನರೆ ಕೇಳಿದ್ರೇನು?"

"ಇಲ್ರೀ."

"ನಾನೂ ಕೇಳಿಲ್ಲ."

ಇಬ್ಬರೂ ಅತ್ಯಂತ ಶ್ರದ್ಧೆಯಿಂದ ದಂಡೆಯನ್ನು ವೀಕ್ಷಿಸಿದೆವು. ಇಳಿದ ಕೂಡಲೇ ಒದ್ದೆ ಚಪ್ಪಲಿಯ ಅಣ್ಣ ಅತ್ಯಾರನ್ನು ಕೇಳಿದ, ಹುಡುಗರು ಏನು ಮಾತಾಡಿದರೆಂದು. "ನನಗೇನ್ ಗೊತ್ರೀ, ನಾ ಬೆನ್ನು ಮಾಡಿ ಕೂತಿದ್ದೆ. ಅವನ್ನೇ ಕೇಳ್ರಿ," ಎಂದು ಅತ್ಯಾ ಜಮಖಾನದತ್ತ ಹೊರಟುಬಿಟ್ಟರು. ಶ್ರೀಧರ ಅಂದು ಎರಡೂ ಮನೆಯ ಹಿರಿಯರ ಎದುರು ತನ್ನ ಬಾಯನ್ನು ತಾನೇ ಬಳಸಿದ. ಕಿವಿಗಳು ಮಾತ್ರ ಉರಿಯುತ್ತಿದ್ದವು.

ಆಮೇಲೆ ಅತ್ಯಾ ಇರುವವರೆಗೂ ಕಲಬುರಗಿಗೆ ಬಂದಾಗಲೆಲ್ಲ ಕೆರೆಗೆ ಕರೆದೊಯ್ಯಿರಿ ಎನ್ನುತ್ತಿದ್ದರು. ಕಿತ್ತಳೆ ಜಾಕೀಟನ್ನು ಅವರೇ ಕೇಳಿ ಇಸಿದುಕೊಳ್ಳುತ್ತಿದ್ದರು.

ಇದೆಲ್ಲ ನೆನಪಾಗುವಷ್ಟರಲ್ಲಿ ಆದಿತ್ಯವಾರ ಬಂತು, ವತ್ಸಲಾ ಮತ್ತು ಶ್ರೀಧರ ಬಂದರು, ಅವರ ಜೊತೆಗೆ ಕೆಂಪು ಬಾಳೆಹಣ್ಣೂ ಬಂತು. ವತ್ಸಲಾಳ ಕ್ಲಾಸಿನಲ್ಲಿ ಈಗ ಕಂಪ್ಯೂಟರು ಕಲಿಸುತ್ತಾರೆ. ಮನೆಗೆ ಕಾರು ಬಂದರೂ ಆಕೆ ಬಸ್ಸಿಗೇ ಹೋಗಿಬರುತ್ತಾಳೆ. ಶ್ರೀಧರ ಸಂಜೆ ಸ್ಟ್ಯಾಂಡಿನಲ್ಲಿ ನಿಲ್ಲುವುದನ್ನೂ ಬಿಟ್ಟಿಲ್ಲ.

"ಕಾಕಾ, ನೀ ಆಕೀ ಕಡಿ ವಕಾಲತ್ತು ಮಾಡಬ್ಯಾಡ," ಎಂದು ಬಂದವಳೇ ಶುರು ಮಾಡಿದಳು ವತ್ಸಲಾ. "ದೊಡ್ಡವರಿಲ್ಲದ ಖೋಲ್ಯಾಗ ಈ ಹುಡುಗರು ಏನ್ ಮಾಡ್ತಾರ?"

"ಮಾತಾಡ್ತಾರಂತ."

"ಏನ್ ಮಾತು?"

"ಏನೋ. ಬಸ್ಸಿನ ಟೈಮ್ ಕೇಳ್ತಾರೇನೋ."

ಶ್ರೀಧರನಿಗೆ ಚಹಾ ನೆತ್ತಿಗೇರಿತು. ಮೇಘಾ ಏನೂ ಅರ್ಥವಾಗದೆ ಅಪ್ಪನ ಕಿವಿಗಳನ್ನೇ ನೋಡಿದಳು. ವತ್ಸಲಾಳ ಬೆರಳುಗಳು ಕುರ್ಚಿಯ ಕೈ ಮೇಲೆ ಟಕಟಕ ಓಡಿ, ನಿಧಾನವಾಗಿ, ನಿಂತವು.

"ಹಂಗಿದ್ರ," ಎಂದಳು, ಇನ್ನೂ ಪೂರ್ತಿ ಸೋಲದೆ, "ನೀನೇ ಹೋಗಿ ಆ ಬಾಗಲದಾಗ ಕೂಡು. ದೊಡ್ಡವ್ರು ಒಬ್ಬರು ಇರ್ಬೇಕು."

"ಕೂಡ್ತೀನಿ. ಹೆಂಗ ಕೂಡ್ಬೇಕಂತ ನನಗ ಗೊತ್ತದ."

ಎದ್ದು, ನನ್ನ ಕುರ್ಚಿಯನ್ನು ಎತ್ತಿ, ಅವರಿಗೆ ಬೆನ್ನಾಗುವಂತೆ ಓಣಿಯ ಕಡೆಗೆ ತಿರುಗಿಸಿ ಹಾಕಿಕೊಂಡು ಕೂತೆ. ಒಂದು ಬಾಳೆಹಣ್ಣು ಸುಲಿದೆ. ಸ್ವಲ್ಪ ಹೊತ್ತಿಗೆ ಹಿಂದೆ ತಾಯಿ ಮಗಳು ದನಿ ತಗ್ಗಿಸಿ ಮಾತಿಗೆ ತೊಡಗಿದ್ದು ಕೇಳಿಸಿತು. "ಅಮ್ಮಾ, ಯಾವ ಬಸ್ಸು?" ಎಂದು ಮೇಘಾ ಕೇಳಿದ್ದರಿಂದ ಅದು ಶುರುವಾಯಿತು. ಮುಂದೆ ಅವರು ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ನಾನು ಬೆನ್ನು ಮಾಡಿ ಕೂತಿದ್ದೆ.