ಸಂತ ಬಾರ್ಬರಾಳ ಬೆನ್ನ ಹಿಂದಿನ ಕೊಳವೆ

ಎವಾಲ್ಡ್ ಮ್ರೋಜೆಕ್ ನಮ್ಮ ಸಿಲೇಸಿಯಾ ಸೀಮೆಯ ಯೊಹಾನಾ ಕಲ್ಲಿದ್ದಲು ಗಣಿಯಲ್ಲಿ ಸೇವಾವಧಿಯುದ್ದಕ್ಕೂ ಅನಿಲ ಅಳೆಯುವ ಕೆಲಸ ಮಾಡಿದ. ನಾನು ಅಲ್ಲಿಯೇ ಭೂಮಾಪಕನಾಗಿದ್ದೆ. ಆದ್ದರಿಂದ ಬಹುಪಾಲು ಕಂಡದ್ದನ್ನೇ ಬರೆಯುತ್ತಿದ್ದೇನೆ.

ಕಲ್ಲಿದ್ದಲಿನಿಂದ ಹೊರಬಂದು ಕಿಡಿ ತಾಗಿದರೆ ಸಿಡಿಯುವ ಮೀಥೇನ್ ಅನಿಲ ಗಾಳಿಗಿಂತ ಹಗುರ. ಸುರಂಗದ ಛಾವಣಿಗೆ ಅಂಟಿಕೊಂಡು ನಿಲ್ಲುತ್ತದೆ. ಮಾಪಕವನ್ನು ಛಾವಣಿಯ ಬಳಿಯೇ ತೂಗುಹಾಕಬೇಕೆಂಬ ನಿಯಮ ಹುಟ್ಟಿದ್ದು ಆ ಕಾರಣದಿಂದ. ಅನಿಲ ಮಿತಿ ಮೀರಿದರೆ ಮಾಪಕವೇ ವಿದ್ಯುತ್ತನ್ನು ಕಡಿದು ಅಗೆಯುವ ಯಂತ್ರವನ್ನು ನಿಲ್ಲಿಸುತ್ತದೆ. ಯಂತ್ರ ನಿಂತರೆ ಮೇಲಿನವರು ಕೂಗಾಡುತ್ತಾರೆ. ಹೀಗಾಗಿ ನಮ್ಮವರು ಅದನ್ನು ಸೊಂಟದ ಮಟ್ಟಕ್ಕೆ ಇಳಿಸಿ, ಶುದ್ಧ ಗಾಳಿ ಬರುವ ಕಡೆಗೆ ತಿರುಗಿಸಿಡುತ್ತಿದ್ದರು. ಎವಾಲ್ಡ್ ಬಂದು ಮತ್ತೆ ಮೇಲೇರಿಸುತ್ತಿದ್ದ, ಅವರು ಛೇಡಿಸುತ್ತಿದ್ದರು.

“ಬಂದ ನೋಡ್ರೋ ಗಾಳಿ ಪಾದ್ರಿ! ಪೂಜೆ ಮುಗಿಸಿ ಬೇಗ ಹೊರಡಪ್ಪಾ, ನಮಗೆ ಕೆಲಸ ಇದೆ.”

“ಮಾಡ್ಕೊಳ್ರಿ. ನಿಮ್ಮ ಹೆಂಡ್ತೀರ ಹತ್ರ ಸಾವಿನ ಸುದ್ದಿ ತಗೊಂಡು ಮಾತ್ರ ನಾನು ಹೋಗೋನಲ್ಲ.”

ಅವನಿಗೆ ಬಡ್ತಿ ಸಿಗಲಿಲ್ಲ. ಅವನ ಪಾಳಿಯಲ್ಲಿ ಯಾರೂ ಸುಟ್ಟುಹೋಗಲಿಲ್ಲ ಎಂಬುದನ್ನು ಯಾವ ಅಧಿಕಾರಿಯೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಗಣಿ ಮುಚ್ಚಿತು. ಗಣಿಗಿಳಿಯುವ ಬಾವಿಯನ್ನು ತುಂಬಿಸಿ ಕಾಂಕ್ರೀಟು ಹಾಕಿದರು. ಒಳಗಿನ ಅನಿಲ ಹೊರಹೋಗಲೆಂದು ಒಂದು ಕೊಳವೆ ಬಿಟ್ಟರು. ಅದರ ಎದುರಿನ ಕೆಂಪು ಇಟ್ಟಿಗೆಯ ಸಾಲುಮನೆಯಲ್ಲಿ ಎವಾಲ್ಡ್ ಮತ್ತು ಅವನ ಹೆಂಡತಿ ಟ್ರೌಡಾ ಇದ್ದರು. ವಾಯುಭಾರ ಕುಸಿದ ದಿನ ಹಳೆಯ ಸುರಂಗಗಳು ಉಸಿರು ಬಿಡುತ್ತವೆ, ಒಳಗಿನ ಅನಿಲ ಹೊರನುಗ್ಗುತ್ತದೆ. ಅಂಥ ದಿನ ಕೊಳವೆ ಸಿಳ್ಳೆ ಹಾಕುತ್ತಿತ್ತು.

ಕೆಲವು ವರ್ಷಗಳ ಬಳಿಕ ಪುರಸಭೆಯವರು ಒಂದು ರೇಖಾನಕ್ಷೆ ಪ್ರಕಟಿಸಿದರು. ನಮ್ಮ ಸೀಮೆಯ ಗಣಿಗಳಿಂದ ಹೊರಬರುವ ಮೀಥೇನ್ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆಯೆಂದು ಅದರ ಗೆರೆ ಹೇಳುತ್ತಿತ್ತು. ಇಳಿದದ್ದು ಸುಳ್ಳಲ್ಲ, ಗಣಿಗಳೇ ಮುಚ್ಚಿದ ಮೇಲೆ ಇಳಿಯದೆ ಏನು ಮಾಡೀತು? ಆದರೆ ಉಳಿದ ಗಣಿಗಳು ಇನ್ನಷ್ಟು ಆಳಕ್ಕೆ ಹೋದವು. ಅಗೆದ ಪ್ರತಿ ಟನ್ನಿಗೆ ಬರುವ ಅನಿಲ ಹೆಚ್ಚಿತು. ಮುಚ್ಚಿದ ಗಣಿಯೂ ನೀರು ತುಂಬುವವರೆಗೆ ವರ್ಷಗಟ್ಟಲೆ ಅನಿಲ ಉಗುಳುತ್ತದೆ. ಅದನ್ನು ಯಾರೂ ಅಳೆಯಲಿಲ್ಲ. ಅಳೆಯದ ಕಡೆ ಪುರಸಭೆ ಸೊನ್ನೆ ಬರೆಯಿತು. ಅಳೆಯದಿರುವುದಕ್ಕೂ ಇಲ್ಲದಿರುವುದಕ್ಕೂ ವ್ಯತ್ಯಾಸ ತಿಳಿಯದವರ ಕೈಗೆ ಗೆರೆ ಎಳೆಯುವ ಕೆಲಸ ಕೊಟ್ಟವರು ಯಾರೋ ತಿಳಿಯದು.

ಆ ಸೊನ್ನೆಯನ್ನು ನಂಬಿ, ನಿವೃತ್ತ ಗಣಿಗಾರರ ಸಂಘದ ಅಧ್ಯಕ್ಷ ಬ್ರೂನೋ ಗಾವ್ಲಿಕ್ ಅವರು ಹಳೆಯ ಬಾವಿಯ ಮೇಲೆ ನಮ್ಮ ರಕ್ಷಕಿ ಸಂತ ಬಾರ್ಬರಾಳ ಮೂರ್ತಿ ನಿಲ್ಲಿಸಿದರು. ಕೊಳವೆ ಬಾರ್ಬರಾಳ ಬೆನ್ನ ಹಿಂದೆಯೇ ಎದ್ದು ಕಾಣುತ್ತಿತ್ತು. ಅದನ್ನು ಮೊಳಕಾಲೆತ್ತರಕ್ಕೆ ಕತ್ತರಿಸಿ, ಉಕ್ಕಿನ ಮುಚ್ಚಳವಿಟ್ಟು ಬೋಲ್ಟು ಬಿಗಿಸಿದರು.

ಎವಾಲ್ಡ್ ಸಂಘದ ಸಭೆಯಲ್ಲಿ ಎದ್ದು ನಿಂತ. “ಬ್ರೂನೋ, ಬಾಯಿ ಮುಚ್ಚಿದ್ರೆ ಅದು ಮಣ್ಣಲ್ಲಿ ದಾರಿ ಹುಡುಕುತ್ತೆ. ನಮ್ಮ ನೆಲಮಾಳಿಗೆಗಳಿಗೇ ಬರುತ್ತೆ.”

“ವಾಸನೆ ಇಲ್ಲ, ಬಣ್ಣ ಇಲ್ಲ, ಈಗ ಸರ್ಕಾರದ ಲೆಕ್ಕದಲ್ಲೂ ಇಲ್ಲ. ಅಂದ್ರೆ ಅದು ಇರೋದು ನಿನ್ನ ತಲೇಲಿ ಮಾತ್ರ ಕಣೋ!” ಎಂದರು ಗಾವ್ಲಿಕ್. ಸಭೆ ನಕ್ಕಿತು.

ಡಿಸೆಂಬರಿನ ಬಾರ್ಬರಾ ಹಬ್ಬದ ಬೆಳಿಗ್ಗೆ ಹಿಮಗಾಳಿ ಬರುವುದರಲ್ಲಿತ್ತು. ವಾಯುಭಾರ ಹಿಂದಿನ ಸಂಜೆಯಿಂದಲೇ ಕುಸಿಯುತ್ತಿತ್ತು. ಕಪ್ಪು ಸಮವಸ್ತ್ರ, ಗರಿಯ ಟೋಪಿ ತೊಟ್ಟು, ವಾದ್ಯಮೇಳದೊಂದಿಗೆ ನಾವೆಲ್ಲ ಮೂರ್ತಿಯ ಮುಂದೆ ನೆರೆದೆವು. ಪಾದ್ರಿಗಳು ಮೊದಲ ಮೇಣದ ಬತ್ತಿ ಹಚ್ಚಿದರು. ಎವಾಲ್ಡ್ ಸಾಲಿನಿಂದ ಹೊರಬಂದು, ತನ್ನ ಕೈಗವಸಿನಿಂದ ಆ ಉರಿಯನ್ನು ಹಿಸುಕಿ ಆರಿಸಿದ. ಮೇಳ ಅರ್ಧಕ್ಕೆ ನಿಂತಿತು.

“ಬಾರ್ಬರಾಳ ದೀಪ ಆರಿಸ್ತೀಯಾ? ತಲೆ ಕೆಟ್ಟಿದೆಯಾ ನಿಂಗೆ?” ಎಂದು ಕೂಗಿದರು ಗಾವ್ಲಿಕ್.

“ಮುಚ್ಚಳದ ಸುತ್ತ ಒಂದ್ಸಲ ಅಳೆದು ನೋಡು. ಆಮೇಲೆ ಬೇಕಾದಷ್ಟು ಹಚ್ಚು.”

ಯಾರೂ ಅಳೆಯಲಿಲ್ಲ. ಅವನನ್ನು ಸಂಘದಿಂದ ಹೊರಹಾಕಿದರು. ನಮ್ಮಲ್ಲಿ ಇದರ ಅರ್ಥ ಒಂದೇ: ಸತ್ತಾಗ ಗರಿಟೋಪಿಯವರು ಹೆಗಲು ಕೊಡುವುದಿಲ್ಲ, ವಾದ್ಯಮೇಳ ಮುಂದೆ ನಡೆಯುವುದಿಲ್ಲ. ಮುಚ್ಚಳ ಮುಟ್ಟುವುದಿಲ್ಲವೆಂದು ಮಾತು ಕೊಟ್ಟು ಕ್ಷಮೆ ಕೇಳಿದರೆ ಮರಳಿ ಸೇರಿಸಿಕೊಳ್ಳುತ್ತೇವೆಂದು ಗಾವ್ಲಿಕ್ ಹೇಳಿಕಳುಹಿಸಿದರು. ಸುದ್ದಿ ಒಯ್ದವನು ನಾನೇ.

“ಹೋಗಿ ಕೇಳ್ಬಿಡೋ ಮಾರಾಯ,” ಎಂದಳು ಟ್ರೌಡಾ. “ಬ್ಯಾಂಡೂ ಇಲ್ದೆ ಹೋಗ್ತೀಯಾ?”

“ಸತ್ತೋನಿಗೆ ಕಿವಿ ಕೇಳುತ್ತಾ?”

“ನಂಗೆ ಕೇಳುತ್ತಲ್ಲ!”

ಎವಾಲ್ಡ್ ಗೋಡೆಯ ವಾಯುಭಾರ ಮಾಪಕವನ್ನು ಬೆರಳಿನಿಂದ ತಟ್ಟಿ ನೋಡಿದ.

ನಾಲ್ಕು ಚಳಿಗಾಲಗಳ ನಂತರ, ಧೂಳು ತುಂಬಿದ ಶ್ವಾಸಕೋಶಗಳಿಂದ ಅವನು ಸತ್ತ. ಶವಪೆಟ್ಟಿಗೆಯನ್ನು ಸೋದರಳಿಯಂದಿರು ಸಾದಾ ಕೋಟಿನಲ್ಲಿ ಹೊತ್ತರು. ಚರ್ಚಿನಿಂದ ಸ್ಮಶಾನದವರೆಗೆ ಕೇಳಿದ್ದು ಹಿಮದ ಮೇಲಿನ ಬೂಟುಗಳ ಸದ್ದು ಮಾತ್ರ. ಟ್ರೌಡಾ ತಲೆ ಎತ್ತಲಿಲ್ಲ.

ಶವಸಂಸ್ಕಾರದ ನಂತರದ ಊಟಕ್ಕೆ ಮಾತ್ರ ಗಾವ್ಲಿಕ್ ಬಂದರು. ಮಾಂಸದ ಸುರುಳಿ, ಕೆಂಪು ಕೋಸಿನ ಪಲ್ಯ ಬಡಿಸಿಕೊಂಡು ಹೇಳಿದರು: “ಒಳ್ಳೇ ಮನುಷ್ಯನೇ. ಸುಮ್ನೆ ಹಟ ಹಿಡಿದ. ನಾಲ್ಕು ವರ್ಷ ಮುಚ್ಚೇ ಇತ್ತಲ್ಲ, ಯಾರ ನೆಲಮಾಳಿಗೆ ಹಾರಿಹೋಯ್ತು?”

“ಮುಚ್ಚಿತ್ತು ಅಂತ ನಿಂಗೆ ಹೇಳಿದ್ಯಾರು, ಬ್ರೂನೋ?” ಎಂದಳು ಟ್ರೌಡಾ. “ಗೋಡೆ ಮಾಪಕದ ಮುಳ್ಳು ಇಳಿದಾಗೆಲ್ಲ ಸ್ಪ್ಯಾನರ್ ತಗೊಂಡು ಹೋಗಿ ಸಡಿಲಿಸ್ತಿದ್ದ. ಹವಾ ಸರಿಯಾದ್ಮೇಲೆ ಬಿಗೀತಿದ್ದ. ಕೊನೇಲಿ ಏದುಸಿರು ಬಿಡ್ತಾ, ನನ್ನ ಹೆಗಲು ಹಿಡ್ಕೊಂಡು ಹೋಗಿದಾನೆ.”

ಗಾವ್ಲಿಕ್ ಮುಖ ಕೆಂಪೇರಿತು. ನಾಚಿಕೆಯಿಂದ ಎಂದು ನಾನು ತಿಳಿದೆ, ತಪ್ಪು ತಿಳಿದೆ. “ಹಂಗಾದ್ರೆ ಕ್ಷಮೆ ಕೇಳಿದ್ರೂ ಸುಳ್ಳೇ ಆಗ್ತಿತ್ತು. ಬ್ಯಾಂಡ್ ಕಳಿಸದೇ ಇದ್ದಿದ್ದೇ ಸರಿಯಾಯ್ತು,” ಎಂದು ಎದ್ದು ಹೋದರು.

ಕೊಳವೆ ತೆರೆಸಬೇಕೆಂದು ನಾನು ಪುರಸಭೆಗೆ ದೂರು ಕೊಟ್ಟೆ. ಅಲ್ಲಿ ಅನಿಲವಿಲ್ಲವೆಂದು ಅದೇ ನಕ್ಷೆಯನ್ನು ತೋರಿಸಿದರು. ಮರುವಾರ ಗಾವ್ಲಿಕ್ ಮುಚ್ಚಳಕ್ಕೆ ಬೆಸುಗೆ ಹಾಕಿಸಿದರು. ಅಂದು ಆಕಾಶ ತಿಳಿಯಾಗಿತ್ತು, ವಾಯುಭಾರ ಏರಿ ಅನಿಲ ಒಳಗೇ ನಿಂತಿತ್ತು. ಅದರಿಂದಲೇ ತಾವು ಉಳಿದೆವೆಂಬುದು ಬೆಸುಗೆಯವನಿಗಾಗಲಿ ಹಾಕಿಸಿದವರಿಗಾಗಲಿ ತಿಳಿಯದು. ಕಿಡಿ ಹಾರುತ್ತಿದ್ದಷ್ಟು ಹೊತ್ತೂ ಟ್ರೌಡಾ ನೆಲಮಾಳಿಗೆಯಿಂದ ಆಲೂಗಡ್ಡೆಯನ್ನೂ ಉಪ್ಪಿನಕಾಯಿ ಭರಣಿಗಳನ್ನೂ ಒಂದೊಂದಾಗಿ ಮೇಲಿನ ಅಡುಗೆಮನೆಗೆ ಹೊತ್ತು ತರುತ್ತಿದ್ದಳು.