ಓಣಿಗೆಲ್ಲ ಒಂದೇ ಪಾಸ್‌ವರ್ಡ್

ಕಳೆದ ವಾರ ಮಧ್ಯಾಹ್ನ ಅಕ್ಕನ ಮಗಳು ಸ್ಮಿತಾ ಕೋಣೆಯಿಂದ ಹೊರಗೆ ಬಂದವಳೇ ಕೇಳಿದಳು: “ಮಾಮಾ, ಅವ್ವಗ ಕ್ಯಾನ್ಸರ್ ಐತೇನು?”

ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು.

ಸ್ಮಿತಾ ಬೆಳಗಾವಿಯಲ್ಲಿ ನಮ್ಮ ಮನೆಯಲ್ಲಿದ್ದು ನರ್ಸಿಂಗ್ ಓದುತ್ತಾಳೆ. ಕೊನೆಯ ವರ್ಷ. ಮರುದಿನವೇ ಪರೀಕ್ಷೆ ಶುರು. ಅದು ಮುಗಿಯುವವರೆಗೆ ಅವಳಿಗೆ ಹೇಳಬಾರದೆಂದು ಅಕ್ಕ ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು. ಡಾಕ್ಟರನ್ನು ಬಿಟ್ಟರೆ ವಿಷಯ ಗೊತ್ತಿದ್ದದ್ದು ನಮ್ಮಿಬ್ಬರಿಗೇ. (ಹಾಗೆಂದು ನಾವು ತಿಳಿದಿದ್ದೆವು.)

“ಯಾರ್ ಹೇಳಿದ್ರು?”

“ಸುಮನ್ ಮಾವಶಿ ಫೋನ್ ಮಾಡಿದ್ರು. ‘ಕ್ಯಾನ್ಸರ್ ಅಂತ ಧೈರ್ಯಾ ಬಿಡಬ್ಯಾಡ, ಅವ್ವನ್ನ ಚಲೋ ನೋಡ್ಕೊ’ ಅಂದ್ರು.”

ಮಾವಶಿ, ಅಂದರೆ ಚಿಕ್ಕಮ್ಮ, ಅಂತ ಕರೆಯುತ್ತೇವಷ್ಟೇ; ಅವರು ಖಾನಾಪುರದಲ್ಲಿ ಅಕ್ಕನ ಬಾಜು ಮನೆಯವರು. ಅವರಿಗೆ ಹೇಳಿದ್ದು ಯಾರು?

ಅಕ್ಕನ ಪ್ರಿಂಟರ್!

ಅಕ್ಕ ಮನೆಯ ಮುಂಭಾಗದಲ್ಲೇ ಜೆರಾಕ್ಸ್ ಅಂಗಡಿ ಇಟ್ಟಿದ್ದಾಳೆ. ಆ ಓಣಿಯಲ್ಲಿ ಮೊದಲು ವೈಫೈ ಬಂದದ್ದು ಅವಳಿಗೆ. ಹೆಪ್ಪು ಕೇಳಿ ಬಂದವರಿಗೆ ಯಾರಾದರೂ ಇಲ್ಲ ಅನ್ನುತ್ತಾರೆಯೇ? ಪಾಸ್‌ವರ್ಡನ್ನೂ ಹಾಗೇ ಕೊಟ್ಟಳು. ಜನ ಮನೆಯಲ್ಲಿ ಕೂತೇ ಪ್ರಿಂಟ್ ಕೊಡುತ್ತಾರೆ, ಸಂಜೆ ಬಂದು ಚಹಾ ಕುಡಿದು ಹಾಳೆ ಒಯ್ಯುತ್ತಾರೆ. ಆದರೆ ಆ ಮಷಿನ್ ಸ್ಕ್ಯಾನ್ ಮಾಡಿದ್ದನ್ನೆಲ್ಲ ಒಂದು ಫೋಲ್ಡರಿನಲ್ಲಿ ಇಟ್ಟುಕೊಳ್ಳುತ್ತದೆ, ಅದೇ ವೈಫೈನಲ್ಲಿರುವ ಯಾರು ಬೇಕಾದರೂ ಅದನ್ನು ತೆರೆಯಬಹುದು ಎಂಬುದು ಅವಳಿಗೆ ಗೊತ್ತಿರಲಿಲ್ಲ. ತನ್ನ ಆಸ್ಪತ್ರೆಯ ರಿಪೋರ್ಟನ್ನು ಅಲ್ಲೇ ಸ್ಕ್ಯಾನ್ ಮಾಡಿ ನನಗೆ ಕಳಿಸಿದ್ದಳು. ಮಾವಶಿ ತಮ್ಮ ಆಧಾರ್ ಕಾರ್ಡಿನ ಸ್ಕ್ಯಾನ್ ಹುಡುಕಲು ಹೋಗಿ ಅಕ್ಕನ ರಿಪೋರ್ಟ್ ಓದಿದ್ದಾರೆ.

ಯಾವ ಹ್ಯಾಕರೂ ಬರಲಿಲ್ಲ ನೋಡಿ. ಮನೆಗೆ ಕೀಲಿ ಹಾಕುತ್ತೇವೆ, ತಿಜೋರಿಗೆ ಬೇರೆ ಕೀಲಿ ಇಡುತ್ತೇವೆ. ಪ್ರಿಂಟರು, ಟಿವಿ, ಕ್ಯಾಮೆರಾಗಳಿಗೆ ಮಾತ್ರ ಊರಿಗೆಲ್ಲ ಗೊತ್ತಿರುವ ಒಂದೇ ಪಾಸ್‌ವರ್ಡ್. ನಿಮ್ಮ ಮನೆಯಲ್ಲಿ ಹೇಗಿದೆ?

ಸ್ಮಿತಾ ಪುಸ್ತಕ ಮುಚ್ಚಿಟ್ಟು ಖಾನಾಪುರದ ಬಸ್ ಹತ್ತಿದಳು. ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ಅವಳ ಬೆನ್ನಿಗೆ ನಾನೂ ಹೋದೆ. ಪರೀಕ್ಷೆ ತಪ್ಪಿತು. ಅವಳ ಓದಿನ ಒಂದು ವರ್ಷ ಹಾಳಾಯಿತು.

ಮರುದಿನ ಕುಳಿತು ಆ ಫೋಲ್ಡರ್ ಅಳಿಸಿದೆ. ಪಾಸ್‌ವರ್ಡ್ ಬದಲಿಸಿದೆ. ಗಿರಾಕಿಗಳಿಗೆ ಬೇರೆ ನೆಟ್‌ವರ್ಕ್, ಪ್ರಿಂಟರಿಗೆ ಬೇರೆ. ಇನ್ನು ಪ್ರಿಂಟ್ ಬೇಕಾದವರು ಅಕ್ಕನ ಮೊಬೈಲಿಗೆ ಕಳಿಸಬೇಕು. ಸಂಜೆಯ ಹೊತ್ತಿಗೆ ಮಾವಶಿ ಬಾಗಿಲಲ್ಲಿ ನಿಂತಿದ್ದರು. “ನಮ್ ಮ್ಯಾಲ ಭರೋಸಾ ಇಲ್ಲೇನ್ರೀ?”

ಖರೇ ಹೇಳುತ್ತೇನೆ, ನನಗೆ ಮೈಯೆಲ್ಲ ಉರಿಯಿತು. ಆದರೆ ಅವರ ಕೈಯಲ್ಲಿ ಅಕ್ಕನಿಗೆಂದು ಮಾಡಿ ತಂದ ಗಂಜಿಯ ಡಬ್ಬಿಯಿತ್ತು. ಏನನ್ನಲಿ? “ಒಳಗ ಬರ್ರಿ” ಅಂದೆ.

ಅವರು ಹೋದ ಮೇಲೆ ಅಕ್ಕನಿಗೆ ಸಮಾಧಾನ ಹೇಳಲು ಹೋದೆ. “ಇನ್ನ ಯಾರಿಗೂ ಏನೂ ಕಾಣೂದಿಲ್ಲಕ್ಕಾ.”

ಅಕ್ಕ ಮೂಲೆಯಲ್ಲಿ ಕೂತಿದ್ದ ಮಗಳ ಕಡೆ ನೋಡಿದಳು.

“ಯಾರಿಗೆ ಗೊತ್ತಾಗಬಾರದಿತ್ತೋ ಆಕಿಗೇ ಗೊತ್ತಾತು. ಇನ್ನ ಯಾರಿಂದ ಮುಚ್ಚಿಡ್ತೀ ತಮ್ಮಾ?”