ಪಿಯೆರೊ ಫೋನ್ ಮಾಡಿದ್ದ

ಲೀನಾ, ನಿನ್ನ ಗಂಡ ಅವತ್ತು ನನಗೆ ಫೋನ್ ಮಾಡಿದ್ದ. ಮಾಡಲೇ ಇಲ್ಲ ಎಂದು ನಿನಗೆ ಹೇಳಿದವನು ನಾನು — ಅದು ಸುಳ್ಳು.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಬರೆಯುವುದು ನಿಧಾನ. ಆದರೂ ಇದನ್ನು ಬಾಯಿಬಿಟ್ಟು ಹೇಳಲಾರೆ.

ಅಪ್ಪ ಅಮ್ಮ ಹೋದ ಮೇಲೆ ಉಳಿದದ್ದು ನಾವಿಬ್ಬರೇ. ನಾನು ಕತಾರಿನಲ್ಲಿ ಬಸ್ ಓಡಿಸುತ್ತಿದ್ದೆ. ನೀನು ಆಲ್ಪ್ಸ್ ಬೆಟ್ಟಗಳ ನಡುವೆ, ಇಟಾಲಿಯನ್ ಮಾತಾಡುವ ಆ ಪುಟ್ಟ ಊರಿನಲ್ಲಿ ಒಬ್ಬ ಅಜ್ಜಿಯ ಆರೈಕೆಗೆ ಹೋದೆ. ಅಲ್ ಖೋರ್‌ನಲ್ಲಿ ಕೆಲಸದವರನ್ನು ಇಳಿಸಿ, ಖಾಲಿ ಬಸ್ಸಿನಲ್ಲಿ ಕೂತು ನಿನ್ನ ವಾಯ್ಸ್ ಮೆಸೇಜ್ ಕೇಳುತ್ತಿದ್ದೆ. ಕಲ್ಲುಚಪ್ಪಡಿಯ ಮಾಡುಗಳು, ಮೇಕೆಗಳ ಗಂಟೆ, ಚೆಸ್ಟ್‌ನಟ್ ಕಾಯಿಗಳನ್ನು ಮೂರು ವಾರ ಹೊಗೆಯಲ್ಲಿ ಒಣಗಿಸುವ ಗುಡಿಸಲು. ಮತ್ತೆ ಆ ಸೂರ್ಯ — ನವೆಂಬರಿನಲ್ಲಿ ಬೆಟ್ಟದ ಹಿಂದೆ ಸರಿದರೆ ಫೆಬ್ರವರಿಯವರೆಗೆ ನಿಮ್ಮೂರಿಗೆ ಬಿಸಿಲಿಲ್ಲ. ಬರುವ ದಿನ ಊರೆಲ್ಲ ಚರ್ಚಿನ ಅಂಗಳದಲ್ಲಿ ಮುಖ ಎತ್ತಿ ನಿಲ್ಲುತ್ತದೆ. ಆ ಮೆಸೇಜನ್ನು ಎಷ್ಟು ಸಲ ಕೇಳಿದೆನೋ.

ನೆರೆಮನೆಯ ಪಿಯೆರೊ, ಮೇಕೆ ಸಾಕಿ ಚೀಸ್ ಮಾಡುವವನು, ಮದುವೆಯ ಮಾತೆತ್ತಿದಾಗ ನೀನು, “ಮೊದಲು ಅಣ್ಣನನ್ನು ಕೇಳು, ನಮ್ಮಲ್ಲಿ ಹಾಗೆ” ಎಂದೆ. ಅವನು ಕೇಳಿದ. ಹರಕು ಇಂಗ್ಲಿಷಿನಲ್ಲಿ, ತಡವರಿಸುತ್ತಾ, ನಡುವೆ ಎರಡು ಸಲ ‘ಸರ್’ ಎಂದ — ನನಗೆ!

“ಲೀನಾ ಮ್ಯಾರೇಜ್ ಊರಲ್ಲಿ ಫಿಕ್ಸ್. ಖಲಾಸ್,” ಎಂದೆ.

ಯಾಕೆ? ಆ ಮೆಸೇಜುಗಳು ನಿಂತುಹೋದರೆ ಎಂಬ ಭಯ — ನಿನ್ನ ದಿನದ ಮಾತು ಇನ್ನೊಬ್ಬನ ಪಾಲಾಗುತ್ತದೆ ಎಂಬ ಹೊಟ್ಟೆಕಿಚ್ಚು. ಅಷ್ಟೇ.

“ಅವ ಫೋನ್ ಮಾಡಿದ್ನಾ ಅಣ್ಣಾ?” ಎಂದು ನೀನು ಕೇಳಿದೆ. “ಇಲ್ಲ,” ಎಂದೆ. ಲೀನಾಳೇ ಅಣ್ಣನ ಬಾಯಿಂದ ಮೆಲ್ಲಗೆ ಬೇಡ ಅನ್ನಿಸಿದ್ದಾಳೆ ಎಂದು ಅವನು ತಿಳಿದ. ಹೆದರಿ ಜಾರಿಕೊಂಡ ಎಂದು ನೀನು ತಿಳಿದೆ. ಅಕ್ಕಪಕ್ಕದ ಮನೆಯಲ್ಲೇ ಇದ್ದು ಇಬ್ಬರೂ ಮಾತಿಲ್ಲದೆ — ಎರಡು ಸಲ ಸೂರ್ಯ ಹೋಗಿ ಬಂದ. ಕೊನೆಗೆ ಆ ಅಂಗಳದಲ್ಲಿ ನೀನೇ ಅವನ ಎದುರು ಹೋಗಿ ನಿಂತೆ. ನನ್ನಿಂದಾದದ್ದು ಅದರಲ್ಲಿ ಏನೂ ಇಲ್ಲ.

ಹೋದ ಅಕ್ಟೋಬರಿನಲ್ಲಿ ರಜೆಗೆ ಬಂದಾಗ ನಿನ್ನ ಮನೆ ನೋಡಿದೆ. ಎಷ್ಟು ಸುಖವಾಗಿದ್ದೀ! ಊಟಕ್ಕೆ ಕೂತಾಗ ನೀನು ನಗುತ್ತಾ, “ಇವರಿಗೆ ಒಂದು ಫೋನ್ ಮಾಡ್ಲಿಕ್ಕೆ ಧೈರ್ಯ ಇರ್ಲಿಲ್ಲ ಮಾರಾಯ, ಮೇಕೆಗಳೇ ವಾಸಿ!” ಎಂದೆ. ಅದನ್ನೇ ಇಟಾಲಿಯನ್ನಿನಲ್ಲಿ ಅಜ್ಜಿಗೂ ಹೇಳಿದೆ. ಅಜ್ಜಿ ನಕ್ಕಳು, ಪಿಯೆರೊನೂ ನಕ್ಕ. ನಾನೂ ನಕ್ಕೆ.

ಆಮೇಲೆ ಹೊಗೆಯ ಗುಡಿಸಲಿನಲ್ಲಿ, ಚೆಸ್ಟ್‌ನಟ್ ಮಗುಚುತ್ತಾ ಅವನು ಹೇಳಿದ: “ಲೀನಾ ಡೋಂಟ್ ನೋ. ಐ ನೆವರ್ ಟೆಲ್. ಯು ಬ್ರದರ್.” ಇನ್ನೊಂದು ಮರದ ಸಲಿಕೆಯನ್ನು ನನ್ನ ಕೈಗೆ ಕೊಟ್ಟ. ಇಬ್ಬರೂ ಮಗುಚಿದೆವು. ಕಣ್ಣುರಿಗೆ ಹೊಗೆ ಒಂದು ನೆಪವಾಯಿತು.

ಇನ್ನು ಅವನನ್ನು ಹಂಗಿಸಬೇಡ ಲೀನಾ. ಫೆಬ್ರವರಿಗೆ ರಜೆ ಬರೆದುಕೊಟ್ಟಿದ್ದೇನೆ. ಸೂರ್ಯ ಬರುವ ದಿನ ಅಂಗಳದಲ್ಲಿ ನಾನೂ ಇರುತ್ತೇನೆ — ಏನು ಬೈಯುವುದಿದ್ದರೂ ಎಲ್ಲರೆದುರು ನನ್ನನ್ನು ಬೈ. ಅಜ್ಜಿಗೆ ಅರ್ಥವಾಗುವಂತೆ ಇಟಾಲಿಯನ್ನಿನಲ್ಲೂ.